ಬೀಗಕ್ಕಿಂತ ಬೋಲ್ಟ್ ಮುಖ್ಯ

ಕೇಳುಗರಿಗೆ ನಮಸ್ಕಾರ.

ಕಲ್ಲುದಾರಿ, ಕಾಡುದಾರಿ, ಮರಳುಗುಡ್ಡ ಅಂತ ಜೀಪಿನಂಥ ಗಾಡಿಯಲ್ಲಿ ಓಡಾಡುವವರಿಗೆ ಒಂದು ತಲೆನೋವು ಇದ್ದೇ ಇರುತ್ತದೆ. ಗಾಡಿ ನಿಲ್ಲಿಸಿ ನಡೆದು ಹೋಗಬೇಕು. ಕ್ಯಾಮೆರಾ, ಪರ್ಸು, ಟೂಲ್ ಕಿಟ್ಟು ಎಲ್ಲಿಡುವುದು? ತಲೆಯ ಮೇಲಿರುವುದು ಬಟ್ಟೆಯ ಹುಡ್. ಜಿಪ್ ಎಳೆದರೆ ತೆರೆಯುತ್ತದೆ. ಬ್ಲೇಡ್ ಇದ್ದವನಿಗೆ ಜಿಪ್ಪೂ ಬೇಡ. ಕೆಲವು ಮಾದರಿಗಳಲ್ಲಿ ಬಾಗಿಲನ್ನೇ ಕಳಚಿಡಬಹುದು.

ಈ ಗುಣ ಹುಟ್ಟಿನಿಂದಲೇ ಬಂದದ್ದು. 1941ರಿಂದ 1945ರವರೆಗೆ ಅಮೆರಿಕದ ಸೇನೆಗೆಂದು ತಯಾರಾದ ಮೂಲ ಜೀಪು ವಿಲ್ಲೀಸ್ ಎಂಬಿಗೆ ಬಾಗಿಲೇ ಇರಲಿಲ್ಲ. ಎಂಜಿನ್ ಸ್ವಿಚ್ಚಿಗೆ ಮೊದಮೊದಲು ಕೀಲಿ ಇತ್ತು. ಆಮೇಲೆ ಅದನ್ನೂ ತೆಗೆದು, ಸುಮ್ನೆ ಕೈಯಲ್ಲಿ ತಿರುಗಿಸುವ ಸ್ವಿಚ್ ಇಟ್ಟರು. ಹಿಂದಿನ ಎರಡು ಮೂಲೆಗಳಲ್ಲಿ ಸಣ್ಣ ಟೂಲ್ ಗೂಡುಗಳಿದ್ದವು, ಅಷ್ಟೇ.

ಹಾಗಾಗಿ ಬೀಗ ಹಾಕುವ ಪೆಟ್ಟಿಗೆಯನ್ನು ನಾವೇ ಕೂರಿಸಿಕೊಳ್ಳಬೇಕು. ಸೀಟಿನ ಕೆಳಗೆ, ಎರಡು ಸೀಟುಗಳ ನಡುವೆ, ಇಲ್ಲವೇ ಹಿಂಭಾಗದಲ್ಲಿ. ಕೊಳ್ಳಲು ಹೊರಟವರು ಮೊದಲು ನೋಡುವುದು ಬೀಗವನ್ನು. ನನ್ನ ಪ್ರಕಾರ ಅದನ್ನು ಕೊನೆಗೆ ನೋಡಬೇಕು. ಗಾಡಿಯಿಂದ ಕದಿಯುವವನು ತಾಳ್ಮೆಯಿಂದ ಕುಳಿತು ಬೀಗ ಬಿಡಿಸುವುದು ಅಪರೂಪ. ಅವನು ಮೀಟುತ್ತಾನೆ, ಇಲ್ಲವೇ ಪೆಟ್ಟಿಗೆಯನ್ನೇ ಕಿತ್ತುಕೊಂಡು ಹೋಗುತ್ತಾನೆ. ಮನೆಗೆ ಹೋಗಿ ನಿಧಾನಕ್ಕೆ ತೆರೆದರೆ ಆಯ್ತು, ಅಲ್ವಾ?

ಮೊದಲು ಮೀಟುವ ವಿಚಾರ. 60 ಸೆಂಟಿಮೀಟರ್ ಉದ್ದದ ಸಲಾಕೆಯ ತುದಿ ಮುಚ್ಚಳದ ಸಂದಿಯೊಳಗೆ 2 ಸೆಂಟಿಮೀಟರ್ ಹೋಯಿತು ಅನ್ನಿ. ಆಚೆ ತುದಿಯಲ್ಲಿ 30 ಕಿಲೋ ಭಾರ ಹಾಕಿದರೆ, ಈಚೆ ತುದಿಯಲ್ಲಿ ಸುಮಾರು 900 ಕಿಲೋದಷ್ಟು ಒತ್ತಡ ಬೀಳುತ್ತದೆ. ಅದರ ಮುಂದೆ ಯಾವ ತಗಡು ನಿಲ್ಲುತ್ತದೆ? ಆದ್ದರಿಂದ ಸಲಾಕೆಗೆ ಸಂದಿಯೇ ಸಿಗಬಾರದು. ಮುಚ್ಚಳದ ಅಂಚು ಕೆಳಕ್ಕೆ ಮಡಚಿಕೊಂಡು ಪೆಟ್ಟಿಗೆಯ ಬಾಯಿಯನ್ನು ಹೊರಗಿನಿಂದ ಆವರಿಸಿರಬೇಕು. ಮುಚ್ಚಳ ತಿರುಗುವ ಹಿಂಜುಗಳು ಒಳಗಡೆ ಇರಬೇಕು. ಹೊರಗಿದ್ದರೆ ಪಿನ್ ಹೊಡೆದು ತೆಗೆಯುತ್ತಾರೆ. ಮೇಜಿನ ಡ್ರಾಯರಿಗೆ ಹಾಕುವಂಥ ಸಣ್ಣ ಬೀಗದಲ್ಲಿ ಕೀಲಿ ತಿರುಗಿಸಿದಾಗ ಒಂದು ತೆಳು ನಾಲಿಗೆ ಹೊರಳುತ್ತದೆ. ಆ ನಾಲಿಗೆ ಬಗ್ಗಿದರೆ ಮುಗಿಯಿತು, ಕೀಲಿ ಎಷ್ಟು ಒಳ್ಳೆಯದಾಗಿದ್ದರೂ ಪ್ರಯೋಜನವಿಲ್ಲ. ಎರಡು ಬದಿಯಲ್ಲೂ ಕಚ್ಚಿಕೊಳ್ಳುವ ಚಿಲಕ ಇದ್ದರೆ ವಾಸಿ.

ಪೆಟ್ಟಿಗೆಗೆ ಒಂದೂವರೆಯಿಂದ 2 ಮಿಲಿಮೀಟರ್ ದಪ್ಪದ ಉಕ್ಕು ಸಾಕು. ಇನ್ನೂ ದಪ್ಪ ಇರಲಿ ಅನ್ನುವವರು ತೂಕವನ್ನೂ ಲೆಕ್ಕ ಹಾಕಲಿ. ಒಂದೂವರೆ ಮಿಲಿಮೀಟರ್ ಉಕ್ಕಿನ ತಗಡು ಚದರ ಮೀಟರಿಗೆ 12 ಕಿಲೋ ಹತ್ತಿರ ತೂಗುತ್ತದೆ. 80 ಸೆಂಟಿಮೀಟರ್ ಉದ್ದ, 40 ಅಗಲ, 30 ಎತ್ತರದ ಪೆಟ್ಟಿಗೆ ಖಾಲಿಯಿದ್ದಾಗಲೇ 16 ಕಿಲೋ. ಪ್ಲೈವುಡ್ ಡ್ರಾಯರ್ ಹಗುರ, ಮನೆಯಲ್ಲೇ ಮಾಡಿಕೊಳ್ಳಬಹುದು. ಅದು ಸಾಮಾನನ್ನು ಕಣ್ಣಿಗೆ ಬೀಳದಂತೆ ಇಡುತ್ತದೆ, ಆದರೆ ಸಲಾಕೆಯನ್ನು ತಡೆಯುವುದಿಲ್ಲ. ಎಷ್ಟೋ ಸಲ ಕಣ್ಣಿಗೆ ಬೀಳದಿರುವುದೇ ಅರ್ಧ ರಕ್ಷಣೆ, ಅದೂ ನಿಜ.

ಈಗ ಬೋಲ್ಟಿಗೆ ಬರೋಣ. ಗಾಡಿಯ ನೆಲದ ತಗಡು ತೆಳುವು, ಹೆಚ್ಚುಕಡಿಮೆ 1 ಮಿಲಿಮೀಟರ್. ಅದಕ್ಕೆ ತೂತು ಕೊರೆದು ಬರೀ ಸಣ್ಣ ವಾಷರ್ ಹಾಕಿ ಬಿಗಿದರೆ, ಜೋರಾಗಿ ಎಳೆದಾಗ ವಾಷರ್ ಸಮೇತ ತಗಡು ಹರಿದು ಬರುತ್ತದೆ. ನೆಲದ ಅಡಿಯಲ್ಲಿ 3 ಮಿಲಿಮೀಟರ್ ದಪ್ಪದ ಪಟ್ಟಿ ಕೊಡಬೇಕು. ಬೋಲ್ಟುಗಳು ಪೆಟ್ಟಿಗೆಯ ಒಳಗಿನಿಂದ ಮಾತ್ರ ಬಿಚ್ಚುವಂತಿರಬೇಕು. ಇದಕ್ಕೆ ಕ್ಯಾರೇಜ್ ಬೋಲ್ಟ್ ಸೊಗಸಾದ ಉಪಾಯ. ಅದರ ತಲೆ ನುಣ್ಣಗೆ ದುಂಡಗಿರುತ್ತದೆ, ಕುತ್ತಿಗೆ ಚೌಕ. ಅಡಿಪಟ್ಟಿಯಲ್ಲಿ ಚೌಕ ತೂತು ಮಾಡಿ ಕೆಳಗಿನಿಂದ ತೂರಿಸಿದರೆ, ಗಾಡಿಯ ಕೆಳಗೆ ಮಲಗಿದವನ ಸ್ಪ್ಯಾನರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ನಟ್ಟು ಪೆಟ್ಟಿಗೆಯೊಳಗೆ, ಬೀಗದ ಹಿಂದೆ. ಕುಲುಕಾಟಕ್ಕೆ ಸಡಿಲವಾಗದಂತೆ ನೈಲಾನ್ ಬಳೆ ಇರುವ ನಟ್ಟನ್ನೇ ಹಾಕಿ.

ಕಳ್ಳ ಬರದಿದ್ದರೂ ಈ ಬೋಲ್ಟಿಗೆ ಕೆಲಸ ಇದೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿರುವ ಗಾಡಿ ಡಿಕ್ಕಿ ಹೊಡೆದು ಅರ್ಧ ಮೀಟರಿನಲ್ಲಿ ನಿಂತರೆ, ಒಳಗಿರುವ ಎಲ್ಲವೂ ತನ್ನ ತೂಕದ ಸುಮಾರು 20 ಪಟ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ. ಸಾಮಾನು ಸೇರಿ 30 ಕಿಲೋ ತೂಗುವ ಪೆಟ್ಟಿಗೆ ಆ ಕ್ಷಣಕ್ಕೆ 600 ಕಿಲೋ ಇದ್ದಂತೆ. ಅದರ ಮುಂದೆ ಕುಳಿತಿರುವವರು ನಿಮ್ಮವರೇ. ಆದ್ದರಿಂದ 8.8 ಅಂತ ತಲೆಯ ಮೇಲೆ ಗುರುತಿರುವ ಗಟ್ಟಿ ಬೋಲ್ಟಿಗೆ ಸ್ವಲ್ಪ ಜಾಸ್ತಿ ಹಣ ಕೊಟ್ಟರೆ ತಪ್ಪೇನಿಲ್ಲ.

ಕೊರೆಯುವ ಮುಂಚೆ ಗಾಡಿಯ ಕೆಳಗೆ ತೂರಿ ನೋಡಿ. ಪೆಟ್ರೋಲ್ ಟ್ಯಾಂಕು, ಬ್ರೇಕ್ ಪೈಪು, ವೈರು ಎಲ್ಲಿವೆ ಅಂತ ಗುರುತು ಹಾಕಿಕೊಳ್ಳಿ. ಸೀಟಿನ ಕೆಳಗೆ ಏರ್‌ಬ್ಯಾಗಿನ ವೈರು ಇರಬಹುದು, ಅದಕ್ಕೆ ಕೈ ಹಾಕಬೇಡಿ. ಸೀಟ್ ಬೆಲ್ಟಿನ ಬೋಲ್ಟಿಗೂ ಪೆಟ್ಟಿಗೆ ಸಿಕ್ಕಿಸಬಾರದು. ಸಾಮಾನು ಕಟ್ಟಲು ಕಂಪನಿಯೇ ಕೊಟ್ಟ ತೂತುಗಳು ಗಟ್ಟಿಯಾಗಿದ್ದರೆ ಹೊಸದು ಕೊರೆಯದಿರುವುದೇ ಒಳ್ಳೆಯದು. ಕೊರೆದ ಪ್ರತಿ ತೂತಿನ ಅಂಚಿಗೂ ಪ್ರೈಮರ್ ಬಳಿಯಿರಿ. ಬಣ್ಣವಿಲ್ಲದ ಅಂಚಿನಲ್ಲೇ ತುಕ್ಕು ಶುರುವಾಗುವುದು. ಪೆಟ್ಟಿಗೆ ಅಲ್ಯುಮಿನಿಯಂ ಆದರೆ ನಡುವೆ ರಬ್ಬರ್ ಹಾಳೆ ಇಡಿ. ಎರಡು ಲೋಹಗಳ ನಡುವೆ ನೀರು ನಿಂತರೆ ಅಲ್ಯುಮಿನಿಯಂ ಸವೆಯುತ್ತದೆ.

ಬೀಗದ ದೊಡ್ಡ ಶತ್ರು ಧೂಳು. ಎಣ್ಣೆ ಹಾಕಿದರೆ ಧೂಳು ಅಂಟಿಕೊಂಡು ಇನ್ನಷ್ಟು ಕೆಡುತ್ತದೆ. ಗ್ರಾಫೈಟ್ ಪುಡಿ ಸಾಕು. ಮೊದಲ ಸಲ ಒರಟು ದಾರಿಯಲ್ಲಿ ಹೋಗಿ ಬಂದ ಮೇಲೆ ನಟ್ಟುಗಳಿಗೆ ಒಮ್ಮೆ ಸ್ಪ್ಯಾನರ್ ಹಾಕಿ ನೋಡಿ.

ಇನ್ನು ಒಳಗೆ ಏನಿಡಬೇಕು ಅನ್ನುವುದು ನಿಮಗೆ ಬಿಟ್ಟದ್ದು. ಪೆಟ್ರೋಲ್ ಕ್ಯಾನು ಮಾತ್ರ ಬೇಡ. ಬಿಸಿಲಿಗೆ ಕಾಯುವ ಉಕ್ಕಿನ ಪೆಟ್ಟಿಗೆಯಲ್ಲಿ ಪವರ್ ಬ್ಯಾಂಕೂ ಬೇಡ. ಪ್ರಥಮ ಚಿಕಿತ್ಸೆಯ ಕಿಟ್ಟು, ಬೆಂಕಿ ಆರಿಸುವ ಸಿಲಿಂಡರು ಇವೆರಡಕ್ಕೆ ಬೀಗ ಹಾಕಲೇಬೇಡಿ. ಗಾಡಿ ಪಕ್ಕಕ್ಕೆ ಮಗುಚಿದಾಗ ಸೀಟಿನ ಕೆಳಗಿನ ಮುಚ್ಚಳ ತೆರೆಯದೇ ಹೋಗಬಹುದು, ಕೀಲಿ ಯಾರ ಜೇಬಿನಲ್ಲಿದೆಯೋ ಗೊತ್ತಿರುವುದಿಲ್ಲ. ಅವು ಹೊರಗೇ ಇರಲಿ, ಚಾಲಕನ ಕೈಗೆ ಎಟಕುವಂತೆ ಬೆಲ್ಟಿನಿಂದ ಬಿಗಿದಿರಲಿ.

ನಮಸ್ಕಾರ.