ಗಲ್ಲಾಪೆಟ್ಟಿಗೆ ಯಾರದೋ ಹೊಣೆಯೂ ಅವರದೇ

ನಮಸ್ಕಾರ. “ಮೋಸ ಮಾಡಿದವನು ಮಾರಾಟಗಾರ, ಅದಕ್ಕೆ ಆನ್‌ಲೈನ್ ಮಾರುಕಟ್ಟೆಯನ್ನು ದೂರುವುದು, ಬಾಡಿಗೆದಾರನ ತಪ್ಪಿಗೆ ಕಟ್ಟಡದ ಮಾಲೀಕನನ್ನು ದಂಡಿಸಿದಂತೆ” ಎಂದು ಕಳೆದ ಸಂಚಿಕೆಗೆ ಒಬ್ಬರು ಪ್ರತಿಕ್ರಿಯಿಸಿದ್ದಾರೆ. ಯಾವ ಕಟ್ಟಡದ ಮಾಲೀಕ ಬಾಡಿಗೆದಾರನ ಗಲ್ಲಾದಲ್ಲಿ ಕೂತು ಗಿರಾಕಿಯ ಹಣ ಎಣಿಸಿಕೊಳ್ಳುತ್ತಾನೆ, ಸಾಮಾನಿಗೆ ತನ್ನ ಹೆಸರಿನ ಪೆಟ್ಟಿಗೆ ಹೊದಿಸಿ ಮನೆಬಾಗಿಲಿಗೆ ಕಳಿಸುತ್ತಾನೆ? ಹಣ ಪಡೆದವರೇ ಹೊಣೆ ಹೊರಬೇಕು.

ನನ್ನ ಅಮ್ಮ ತರಿಸಿದ ಮಿಕ್ಸಿಯ ಪೆಟ್ಟಿಗೆಯಲ್ಲಿ ಹಳೆಯ ಪತ್ರಿಕೆ ಸುತ್ತಿದ ಎರಡು ಹೆಂಚಿನ ತುಂಡುಗಳಿದ್ದವು. ಹೊಸ ಟೇಪಿನ ಅಡಿಯಲ್ಲಿ ಕತ್ತರಿಸಿದ ಹಳೆಯ ಟೇಪಿನ ಅಂಚು ಕಾಣುತ್ತಿತ್ತು. ಹಣ ಪಡೆದಿದ್ದ ಸಂಸ್ಥೆ “ಮಾರಾಟಗಾರರನ್ನು ಸಂಪರ್ಕಿಸಿ” ಎಂದಿತು. ಮಾರಾಟಗಾರನ ಫೋನು ಒಮ್ಮೆಯೂ ರಿಂಗಾಗಲಿಲ್ಲ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ದೂರನ್ನು ಒಂದು ತಿಂಗಳೊಳಗೆ ಬಗೆಹರಿಸಬೇಕು. ಅಮ್ಮನಿಗೆ ಹಣ ಮರಳಿದ್ದು 43ನೆಯ ದಿನ.

ಇಂತಹ ಸಂಸ್ಥೆಗಳು ಆಶ್ರಯಿಸುವುದು, ಬೇರೆಯವರು ಹಾಕಿದ ಮಾಹಿತಿಯ ಹೊಣೆಯಿಂದ ಮಧ್ಯವರ್ತಿಗಳಿಗೆ ರಕ್ಷಣೆ ಕೊಡುವ ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಕಲಮನ್ನು. ತಾವು ಕೇವಲ ಮಧ್ಯವರ್ತಿಗಳು ಎಂಬುದು ಅವರ ವಾದ; ಆದರೆ ಆ ರಕ್ಷಣೆ ಷರತ್ತಿಲ್ಲದೆ ಸಿಗುವುದಲ್ಲ. 2022ರಲ್ಲಿ ಗುಣಮಟ್ಟದ ಮಾನದಂಡಕ್ಕೆ ಹೊಂದದ 2,265 ಪ್ರೆಷರ್ ಕುಕ್ಕರ್‌ಗಳು ತನ್ನ ವೇದಿಕೆಯಲ್ಲಿ ಮಾರಾಟವಾದದ್ದಕ್ಕೆ ಅಮೆಜಾನ್‌ಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 1 ಲಕ್ಷ ರೂಪಾಯಿ ದಂಡ ವಿಧಿಸಿತು. ಪ್ರತಿ ಮಾರಾಟದಿಂದಲೂ ಗಳಿಸುವ ಸಂಸ್ಥೆ, ತೊಂದರೆ ಬಂದಾಗ ತನಗೆ ಸಂಬಂಧವಿಲ್ಲ ಎನ್ನಲಾಗದು ಎಂಬುದೇ ಆ ಆದೇಶದ ತಿರುಳು. ಆ ಕುಕ್ಕರ್‌ಗಳಿಂದ ಬಂದ ಶುಲ್ಕವೇ 6 ಲಕ್ಷ ರೂಪಾಯಿಗೂ ಹೆಚ್ಚಿತ್ತು! ಗಳಿಕೆಗಿಂತ ದಂಡ ಕಡಿಮೆಯಾದರೆ ಯಾರು ಹೆದರುತ್ತಾರೆ?

ಮಾರಾಟಗಾರನ ನಿರ್ಲಕ್ಷ್ಯದಿಂದ ಸಾಮಾನು ತಲುಪದೆ ಗ್ರಾಹಕನಿಗೆ ನಷ್ಟವಾದರೆ ವೇದಿಕೆಯೇ ಹೊಣೆ ಹೊರಬೇಕೆಂಬ ಪ್ರಸ್ತಾವವನ್ನು ಕೇಂದ್ರ ಸರ್ಕಾರ 2021ರ ಜೂನ್‌ನಲ್ಲಿ ಕರಡು ನಿಯಮಗಳಲ್ಲಿ ಇಟ್ಟಿತ್ತು. ಅದರಿಂದ ಸಣ್ಣ ವ್ಯಾಪಾರಿಗಳಿಗೆ ಪೆಟ್ಟು ಬೀಳುತ್ತದೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಪ್ರಾಮಾಣಿಕ ಸಣ್ಣ ವ್ಯಾಪಾರಿಗೆ ಕಳ್ಳ ಮಾರಾಟಗಾರನಿಗಿಂತ ದೊಡ್ಡ ಶತ್ರು ಇನ್ನಾರೂ ಇಲ್ಲ. ಹಣ ಪಡೆದವರೇ ಹೊಣೆ ಹೊರಬೇಕು, ಅದೂ ಮೊದಲ ದಿನದಿಂದಲೇ.

ಮೋಸಹೋದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ನೀವು ವಾಸಿಸುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು. ಪಾವತಿಸಿದ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಮುಂದಿನ ಸಂಚಿಕೆಯಲ್ಲಿ ಅಮ್ಮ ಬರೆದ ದೂರಿನ ಪ್ರತಿಯನ್ನು ಸಾಲುಸಾಲಾಗಿ ಓದುತ್ತೇನೆ, ದಯವಿಟ್ಟು ಚಂದಾದಾರರಾಗಿ. ಆ ಹೆಂಚಿನ ತುಂಡುಗಳೂ ನನ್ನ ಬಳಿ ಇವೆ, ಅವನ್ನೂ ತೋರಿಸುತ್ತೇನೆ.