ದೀಪ ಹೇಳಿದ್ದು, ವಾಲ್ವ್ ಮಾಡಿದ್ದು

ಅಧ್ಯಕ್ಷರೇ, ಸ್ನೇಹಿತರೇ,

ಹೊಸ ರಿಯಾಕ್ಟರುಗಳ ಬಗ್ಗೆ ಬೆಳಗ್ಗೆಯಿಂದ ಸಾಕಷ್ಟು ಕೇಳಿದ್ದೀರಿ. ನಾನು ಹಳೆಯ ವಾಲ್ವ್‌ಗಳ ಬಗ್ಗೆ ಮಾತನಾಡಲಿದ್ದೇನೆ. ಇಂಥ ವಿಷಯವನ್ನು ಊಟವಾದ ಕೂಡಲೇ ಇಟ್ಟ ಸಂಘಟಕರ ಧೈರ್ಯ ದೊಡ್ಡದು.

1979ರ ಮಾರ್ಚ್ 28ರ ಕಥೆ ಈ ಸಭೆಗೆ ಹೊಸದಲ್ಲ. ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ, ಹೆಚ್ಚಿದ ಒತ್ತಡವನ್ನು ಹೊರಬಿಡುವ ರಿಲೀಫ್ ವಾಲ್ವ್ ತೆರೆದೇ ಉಳಿದಿತ್ತು, ಮುಚ್ಚಿದೆಯೆಂಬಂತೆ ಫಲಕದ ದೀಪ ಮಾತ್ರ ಆರಿತ್ತು. ಆ ದೀಪಕ್ಕೆ ಗೊತ್ತಿದ್ದದ್ದು ವಾಲ್ವನ್ನು ನಡೆಸುವ ಸುರುಳಿಗೆ, ಅಂದರೆ ಸೊಲೆನಾಯ್ಡ್‌ಗೆ, ವಿದ್ಯುತ್ ಹೋಗುತ್ತಿದೆಯೇ ಇಲ್ಲವೇ ಎಂಬುದಷ್ಟೇ; ವಾಲ್ವ್ ನಿಜಕ್ಕೂ ಮುಚ್ಚಿತೇ ಎಂಬುದು ಅದಕ್ಕೆ ಗೊತ್ತಿರಲಿಲ್ಲ. ಎರಡು ಗಂಟೆಗೂ ಹೆಚ್ಚು ಕಾಲ ರಿಯಾಕ್ಟರನ್ನು ತಣಿಸಬೇಕಾದ ನೀರು ಹೊರಹೋಯಿತು. ಆದರೆ ಆ ಘಟಕ ವಾಣಿಜ್ಯ ಉತ್ಪಾದನೆ ಆರಂಭಿಸಿ ಆಗಿನ್ನೂ ಮೂರು ತಿಂಗಳು. ಹೊಸ ವಾಲ್ವ್‌ನ ವಿಷಯದಲ್ಲೇ ದೀಪವನ್ನು ನಂಬಿ ಕೆಟ್ಟರೆ, ಹಳೆಯದರ ಗತಿಯೇನು ಎಂಬುದು ನನ್ನ ಪ್ರಶ್ನೆ.

ಅಲಬಾಮಾದ ಬ್ರೌನ್ಸ್ ಫೆರಿಗೆ ಬರೋಣ. 1975ರಲ್ಲಿ ಗಾಳಿ ಎಲ್ಲಿ ಸೋರುತ್ತಿದೆಯೆಂದು ಮೇಣದಬತ್ತಿ ಹಿಡಿದು ನೋಡಲು ಹೋಗಿ ಕೇಬಲ್‌ಗಳಿಗೆ ಬೆಂಕಿ ಹಚ್ಚಿಕೊಂಡ ಸ್ಥಾವರವದು. ಅಣುಶಕ್ತಿಯ ಯುಗದಲ್ಲಿ ಮೇಣದಬತ್ತಿ! ಅದರ ಒಂದನೇ ಘಟಕ 1985ರಲ್ಲಿ ನಿಂತು, 2007ರಲ್ಲಷ್ಟೇ ಮತ್ತೆ ಚಾಲನೆಗೊಂಡಿತು. 2010ರ ಅಕ್ಟೋಬರ್‌ನಲ್ಲಿ ಇಂಧನ ಬದಲಿಸಲು ಅದನ್ನು ನಿಲ್ಲಿಸಿ, ಕೋರ್‌ನ, ಅಂದರೆ ಇಂಧನವಿರುವ ಒಡಲಿನ, ಉಳಿಕೆ ಶಾಖ ತೆಗೆಯಲು ಒಂದು ಪೈಪ್ ಸಾಲನ್ನು ಬಳಕೆಗೆ ತರಹೋದಾಗ ನೀರು ಹರಿಯಲಿಲ್ಲ. ಆ ಸಾಲಿನ ವಾಲ್ವ್‌ನ ಮೋಟಾರ್ ಸ್ಟೆಮ್ ಅನ್ನು, ಅಂದರೆ ವಾಲ್ವ್‌ನ ದಂಡವನ್ನು, ಮೇಲಕ್ಕೆತ್ತುತ್ತಿತ್ತು. ಸ್ಟೆಮ್‌ನ ತುದಿಯಲ್ಲಿರಬೇಕಾದ, ನೀರಿನ ದಾರಿ ಮುಚ್ಚುವ ಡಿಸ್ಕ್ ಮಾತ್ರ ಕಳಚಿಕೊಂಡು ಸೀಟಿನಲ್ಲೇ ಕುಳಿತಿತ್ತು. ದೀಪಕ್ಕೆ ಸುದ್ದಿ ಕೊಡುವ ಲಿಮಿಟ್ ಸ್ವಿಚ್‌ಗಳು ಗಮನಿಸುವುದು ಚಾಲಕ ಭಾಗದ ಚಲನೆಯನ್ನು, ಡಿಸ್ಕನ್ನಲ್ಲ. ಇನ್ನೊಂದು ಸಾಲಿನಿಂದ ಅಂದಿನ ಕೆಲಸ ನಡೆಯಿತು. ಆದರೆ ತುರ್ತಿನಲ್ಲಿ ಕೋರ್‌ಗೆ ನೀರು ಹಾಯಿಸಬೇಕಾದದ್ದು ಇದೇ ವಾಲ್ವ್. ಅದು ಎಷ್ಟೋ ತಿಂಗಳುಗಳಿಂದ ಯಾರಿಗೂ ತಿಳಿಯದೆ ನಿರುಪಯೋಗಿಯಾಗಿದ್ದಿರಬೇಕು. ಬೆಂಕಿಯ ಕೆಲವು ಸಂದರ್ಭಗಳಲ್ಲಿ ಈ ಸಾಲನ್ನೇ ನೆಚ್ಚಬೇಕಾಗಿತ್ತು ಎಂಬುದು ವಿಷಯವನ್ನು ಇನ್ನಷ್ಟು ಗಂಭೀರವಾಗಿಸಿತು. 2011ರಲ್ಲಿ ಅಮೆರಿಕದ ನಿಯಂತ್ರಣ ಆಯೋಗ ತನ್ನ ಅತ್ಯಂತ ಕಠಿಣ ದರ್ಜೆಯಾದ 'ಕೆಂಪು' ಷರಾವನ್ನು ಅದಕ್ಕೆ ನೀಡಿತು.

ವಾಲ್ವ್ ಸವೆಯುವುದು ಓಡಾಡಿ ಮಾತ್ರವಲ್ಲ, ನಿಂತು ನಿಂತು ಕೂಡ ಕೆಡುತ್ತದೆ. ಮನೆಯ ಓವರ್‌ಹೆಡ್ ಟ್ಯಾಂಕಿನ ಗೇಟ್ ವಾಲ್ವನ್ನು ಐದು ವರ್ಷ ಮುಟ್ಟದೆ, ಆರನೆಯ ವರ್ಷ ತಿರುಗಿಸಲು ಹೋದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಸ್ಟೆಮ್‌ಗೆ ಹಚ್ಚಿದ ಗ್ರೀಸ್ ಒಣಗುತ್ತದೆ. ಸೋರಿಕೆ ನಿಲ್ಲಿಸಲೆಂದು ಸ್ಟೆಮ್ ಸುತ್ತಲಿನ ಪ್ಯಾಕಿಂಗ್ ಬಿಗಿದಷ್ಟೂ ಘರ್ಷಣೆ ಏರುತ್ತದೆ. ಬಿಸಿಯಿದ್ದಾಗ ಮುಚ್ಚಿದ ಗೇಟ್ ವಾಲ್ವ್ ತಣ್ಣಗಾದಾಗ ಅದರ ದೇಹ ಕುಗ್ಗಿ ಒಳಗಿನ ಬೆಣೆಯನ್ನು ಹಿಡಿದುಬಿಡುತ್ತದೆ. ಅಪಘಾತದ ಬಿಸಿಯಲ್ಲಿ, ಕುಸಿದ ವೋಲ್ಟೇಜಿನಲ್ಲಿ ದುರ್ಬಲಗೊಂಡ ಮೋಟಾರ್ ಅದನ್ನು ಎಳೆಯಲಾರದು.

ಪರೀಕ್ಷಿಸುತ್ತೇವಲ್ಲ ಎನ್ನುತ್ತೀರಿ. ಹೇಗೆ? ಪೈಪಿನಲ್ಲಿ ಹರಿವಿಲ್ಲದಾಗ, ಎರಡು ಬದಿಯ ಒತ್ತಡದಲ್ಲಿ ವ್ಯತ್ಯಾಸವಿಲ್ಲದಾಗ ವಾಲ್ವನ್ನು ತೆರೆದು ಮುಚ್ಚಿ, ದೀಪ ನೋಡಿ, ಪಟ್ಟಿಯಲ್ಲಿ ಗುರುತು ಹಾಕಿ! 1985ರ ಜೂನ್ 9ರಂದು ಓಹಾಯೋದ ಡೇವಿಸ್-ಬೆಸ್ಸೆ ಸ್ಥಾವರದಲ್ಲಿ, ರಿಯಾಕ್ಟರಿನ ಶಾಖದಿಂದ ಹಬೆ ಮಾಡುವ ಸ್ಟೀಮ್ ಜನರೇಟರುಗಳಿಗೆ ನೀರು ನಿಂತಿತು. ತುರ್ತು ನೀರಿನ ಸಾಲಿನಲ್ಲಿ ಮುಚ್ಚಿಕೊಂಡ ವಾಲ್ವ್‌ಗಳು ನಿಜವಾದ ಒತ್ತಡದ ಎದುರು ನಿಯಂತ್ರಣ ಕೊಠಡಿಯಿಂದ ಮತ್ತೆ ತೆರೆಯಲಿಲ್ಲ, ಏಕೆಂದರೆ ಸ್ವಿಚ್‌ಗಳ ಹೊಂದಾಣಿಕೆ ಸರಿಯಿರಲಿಲ್ಲ. ನಿರ್ವಾಹಕರು ಬೀಗ ಹಾಕಿದ ಕೋಣೆಗಳಿಗೆ ಓಡಿ, ಚಕ್ರಗಳನ್ನು ಕೈಯಿಂದಲೇ ತಿರುಗಿಸಿದರು. 1989ರಲ್ಲಿ ಆಯೋಗವು ಸುರಕ್ಷತಾ ವ್ಯವಸ್ಥೆಯ ಮೋಟಾರ್ ವಾಲ್ವ್‌ಗಳ ಸಾಮರ್ಥ್ಯವನ್ನು, ಸಾಧ್ಯವಾದಲ್ಲೆಲ್ಲ ನೈಜ ಒತ್ತಡದಲ್ಲಿ ಪರೀಕ್ಷಿಸಿ ತೋರಿಸಬೇಕೆಂದು ಕೇಳಿದ್ದರ ಹಿನ್ನೆಲೆಯಲ್ಲಿ ಈ ಘಟನೆಯೂ ಇತ್ತು. ದೀಪದ ಮೇಲಿನ ಭರವಸೆ ಅದಾದ ಮೇಲೂ ಪೂರ್ತಿ ಹೋಗಲಿಲ್ಲವೆಂಬುದಕ್ಕೆ ಬ್ರೌನ್ಸ್ ಫೆರಿಯೇ ಸಾಕ್ಷಿ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಗಾಳಿಯಿಂದ ನಡೆಯುವ ವಾಲ್ವ್‌ಗಳ ರಬ್ಬರ್ ಡಯಾಫ್ರಾಮ್‌ಗಳ ವಿಷಯವನ್ನೂ, ಚೆಕ್ ವಾಲ್ವ್‌ಗಳನ್ನೂ ಬಿಡುತ್ತೇನೆ. ನಮ್ಮ ಕೈಗಾದ ಒಂದನೇ ಘಟಕ 2018ರ ಕೊನೆಯ ದಿನದವರೆಗೆ 962 ದಿನ ನಿಲ್ಲದೆ ನಡೆದದ್ದು ನಿಜಕ್ಕೂ ಹೆಮ್ಮೆಯ ಸಂಗತಿ. ಅಂಥ ದೀರ್ಘ ಓಟದ ನಡುವೆ ಯಾವ್ಯಾವ ವಾಲ್ವನ್ನು ಹರಿವಿನೊಡನೆ ಪರೀಕ್ಷಿಸಬಹುದು, ಯಾವುದು ಸ್ಥಾವರ ನಿಲ್ಲುವವರೆಗೆ ಕಾಯಬೇಕು ಎಂಬುದನ್ನು ಈ ಸಭೆಯಲ್ಲಿರುವ ನಿರ್ವಹಣಾ ಎಂಜಿನಿಯರುಗಳು ನನಗಿಂತ ಚೆನ್ನಾಗಿ ಹೇಳಬಲ್ಲರು. ಉಳಿದ ಐದು ನಿಮಿಷ ಅವರಿಗೆ.