ಸೋತಿರುವುದು ಹೃದಯ, ತೊಂದರೆ ಇರುವುದು ತಲೆಯಲ್ಲಿ

[ಪರದೆ: ನವಜಾತ ಶಿಶುವಿನ ಎಕ್ಸ್‌ರೇ, ದೊಡ್ಡದಾದ ಹೃದಯ]

ಹುಟ್ಟಿ ಎರಡು ದಿನವಾಗಿಲ್ಲ, ಮಗುವಿಗೆ ಏದುಸಿರು. ಹಾಲು ಕುಡಿಯುವಾಗ ಹಣೆ ಬೆವರುತ್ತದೆ, ಲಿವರ್ ದಪ್ಪಗಾಗಿದೆ. ಹೃದಯದಲ್ಲಿ ರಂಧ್ರ ಇರಬಹುದು ಅಂತ ಎಕೋ ಮಾಡಿಸಿದರೆ ಕವಾಟ, ಗೋಡೆ ಎಲ್ಲ ಸರಿ. ಬಲಭಾಗ ಮಾತ್ರ ಹಿಗ್ಗಿದೆ.

ಇಂಥ ಹೊತ್ತಲ್ಲಿ ಸ್ಟೆತಾಸ್ಕೋಪನ್ನು ಎದೆಯಿಂದೆತ್ತಿ ನೆತ್ತಿಯ ಮೇಲಿಟ್ಟು ನೋಡಬೇಕು. ನಾಡಿಯ ಜೊತೆಗೇ 'ಸುಯ್ ಸುಯ್' ಅಂತ ಕೇಳಿಸಿದರೆ, ಅದು ಮೆದುಳಿನಲ್ಲಿ ರಕ್ತ ದಾರಿ ತಪ್ಪಿ ನುಗ್ಗುತ್ತಿರುವ ಸದ್ದು.

[ಅನಿಮೇಷನ್: ಮೆದುಳಿನ ರಕ್ತನಾಳಗಳು]

ಇದೇ ವೇನ್ ಆಫ್ ಗ್ಯಾಲೆನ್ ಮಾಲ್‌ಫಾರ್ಮೇಶನ್. ಅಪಧಮನಿಯ ರಕ್ತ ಸಣ್ಣ ಲೋಮನಾಳಗಳಲ್ಲಿ ಹಾದು, ಒತ್ತಡ ಇಳಿದ ಮೇಲೆ ಅಭಿಧಮನಿ ಸೇರಬೇಕು. ಇಲ್ಲಿ ಲೋಮನಾಳಗಳೇ ಇಲ್ಲ. ಭ್ರೂಣದಲ್ಲಿ ಕೆಲವು ವಾರ ಮಾತ್ರ ಇದ್ದು ಮಾಯವಾಗಬೇಕಿದ್ದ ಒಂದು ಅಭಿಧಮನಿ ಹಾಗೇ ಉಳಿದು, ಅಪಧಮನಿಗಳು ಅದಕ್ಕೆ ನೇರವಾಗಿ ಸುರಿಯುತ್ತವೆ. ತೀವ್ರವಾದಾಗ ಹೃದಯ ಪಂಪ್ ಮಾಡಿದ್ದರಲ್ಲಿ ಶೇ. 80ರವರೆಗೂ ತಲೆಗೇ ಹೋಗಿ, ಸುತ್ತಿ ವಾಪಸ್ ಬರುತ್ತದೆ; ಅದನ್ನೇ ಮತ್ತೆ ಮತ್ತೆ ಪಂಪ್ ಮಾಡಿ ಹೃದಯ ಸೋಲುತ್ತದೆ. ಕಾಲುವೆಯ ಮೇಲ್ಭಾಗದಲ್ಲಿ ತೂಬು ಒಡೆದರೆ ಕೊನೆಭಾಗದ ಗದ್ದೆಗೆ ನೀರು ಮುಟ್ಟುವುದಿಲ್ಲವಲ್ಲ, ಹಾಗೆ ಕಿಡ್ನಿ, ಕರುಳು ಒಣಗುತ್ತವೆ. ಎಕೋದಲ್ಲಿ ಇದು ಕಣ್ಣಿಗೇ ಕಾಣುತ್ತದೆ: ಎರಡು ಬಡಿತಗಳ ನಡುವೆ ಮಹಾಪಧಮನಿಯ ರಕ್ತ ಹಿಮ್ಮುಖವಾಗಿ ತಲೆಯತ್ತ ಹರಿಯುತ್ತದೆ!

ಹಾಗಾದರೆ ಹೊಟ್ಟೆಯಲ್ಲಿದ್ದಾಗ ಮಗು ಹೇಗೆ ತಡೆದುಕೊಂಡಿತು? ಮಾಸಿನಿಂದಾಗಿ. ಅಲ್ಲಿಯೂ ರಕ್ತ ಸಲೀಸಾಗಿ ಹರಿಯುವುದರಿಂದ ಬಹುಪಾಲು ಆ ಕಡೆ ಹೋಗುತ್ತಿತ್ತು. ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಸಲೀಸಾದ ದಾರಿ ತಲೆಯದೊಂದೇ.

[ಪರದೆ: ತೊಡೆಸಂದಿನಿಂದ ಮೆದುಳಿಗೆ ಕ್ಯಾತಿಟರ್]

ತಲೆಬುರುಡೆ ತೆರೆಯುವ ಆಪರೇಷನ್ ಈಗ ಬಹುತೇಕ ಯಾರೂ ಮಾಡುವುದಿಲ್ಲ. ತೊಡೆಸಂದಿನ ರಕ್ತನಾಳದಿಂದ ಕ್ಯಾತಿಟರ್ ಎಂಬ ತೆಳು ಕೊಳವೆ ತೂರಿಸಿ, ಅಂಟು ಹಾಕಿ ಆ ಅಡ್ಡದಾರಿಯನ್ನು ಹಂತಹಂತವಾಗಿ ಮುಚ್ಚುತ್ತಾರೆ. ಔಷಧಿಯಿಂದ ಹೃದಯ ಸುಧಾರಿಸಿದರೆ ಸುಮಾರು ಐದು ತಿಂಗಳವರೆಗೆ ಕಾಯುವುದೇ ಮೇಲು. ಸುಧಾರಿಸದಿದ್ದರೆ ತಕ್ಷಣ ಮಾಡಬೇಕು. ಮೆದುಳಿಗೆ ಆಗಲೇ ಹೆಚ್ಚು ಹಾನಿಯಾಗಿದ್ದರೆ ಮುಚ್ಚಿಯೂ ಫಲವಿಲ್ಲ; ಇದನ್ನು ತಂದೆತಾಯಿಗೆ ಹೇಳುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ. 2023ರಲ್ಲಿ ಬೋಸ್ಟನ್‌ನ ವೈದ್ಯರು, ಮಗು ಇನ್ನೂ ಗರ್ಭದಲ್ಲಿದ್ದಾಗಲೇ, 34 ವಾರಕ್ಕೆ ಇದನ್ನು ಮುಚ್ಚಿದರು.

ನೆತ್ತಿಯಲ್ಲಿ ಸದ್ದಿಲ್ಲವೇ? ಲಿವರ್ ಮೇಲೂ ಕೇಳಿ ನೋಡಬೇಕು. ಅಲ್ಲಿನ ದೊಡ್ಡ ರಕ್ತನಾಳದ ಗಂಟೂ ಹೃದಯವನ್ನು ಹೀಗೇ ಸೋಲಿಸಬಲ್ಲದು.

"ಐದನೇ ತಿಂಗಳ ಸ್ಕ್ಯಾನ್ ನಾರ್ಮಲ್ ಇತ್ತಲ್ಲ ಡಾಕ್ಟ್ರೇ?" ಅಂತ ಮನೆಯವರು ಕೇಳುತ್ತಾರೆ. ಇದು ಸಾಮಾನ್ಯವಾಗಿ ಕಾಣುವುದೇ ಕೊನೆಯ ಮೂರು ತಿಂಗಳ ಸ್ಕ್ಯಾನ್‌ನಲ್ಲಿ, ಅದರಲ್ಲೂ ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಕಲರ್ ಡಾಪ್ಲರ್ ಹಾಕಿ ನೋಡಿದಾಗ. ಗ್ರಹಣಕ್ಕೂ ಬಸುರಿ ತಿಂದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ.